ಎರಡು ಜರ್ಮನ್ ಕಾದಂಬರಿಗಳು: ಗುರುಗಳಿಗೆ ತಿಳಿಯದ ಬಾಲಕರು

ವಸತಿಶಾಲೆಯ ಬಾಲಕರನ್ನು ಕುರಿತ ಎರಡು ಜರ್ಮನ್ ಕಾದಂಬರಿಗಳ ಮೇಲೂ 1906ರ ಮುದ್ರೆಯಿದೆ: ಹರ್ಮನ್ ಹೆಸ್ಸೆಯ ‘ಗಾಲಿಯಡಿಯಲ್ಲಿ’, ರಾಬರ್ಟ್ ಮುಸಿಲ್‌ನ ‘ಬಾಲಕ ಟೋರ್ಲೆಸ್‌ನ ತಳಮಳಗಳು’. ಹೆಸ್ಸೆಯ ಹಾನ್ಸ್, ಪುರಾತನ ಕ್ರೈಸ್ತಮಠವೊಂದರಲ್ಲಿ ನಡೆಯುವ ಮೌಲ್‌ಬ್ರೋನ್ ಶಾಲೆಯ ಮೇಧಾವಿ. ಓದಿನ ಭಾರಕ್ಕೆ ಕುಗ್ಗಿ, ಊರಿಗೆ ಮರಳಿ, ಹೊಳೆಯ ಪಾಲಾಗುತ್ತಾನೆ. ಲೇಖಕನೇ 1892ರಲ್ಲಿ ಆ ಶಾಲೆಯಿಂದ ಓಡಿಹೋದವನು. ದೋಷವನ್ನೆಲ್ಲ ಹಿರಿಯರ ಮೇಲೆ ಹೊರಿಸುವ ಆತುರ ಅವನಿಗಿರುವುದು ಸಹಜವೇ. ಆದರೆ ದಂಡನೆಗೊಳಗಾದ ಗೆಳೆಯ ಹೈಲ್ನರ್‌ನನ್ನು ಹಾನ್ಸ್ ಅಂಜಿಕೆಯಿಂದ ತೊರೆದು, ತರುವಾಯ ಕ್ಷಮೆ ಬೇಡುವ ಭಾಗ ನಿಜವಾಗಿಯೂ ಹೃದಯಸ್ಪರ್ಶಿ.

ಮುಸಿಲ್‌ನಲ್ಲಿ ಇಂಥ ಪಶ್ಚಾತ್ತಾಪವಿಲ್ಲ. ಹಣ ಕದ್ದ ಬಾಸಿನಿಯನ್ನು ಸಹಪಾಠಿಗಳಿಬ್ಬರು ಅಟ್ಟದಲ್ಲಿ ಹಿಂಸಿಸುವಾಗ ಟೋರ್ಲೆಸ್ ನೋಡುತ್ತ ನಿಲ್ಲುತ್ತಾನೆ, ತಾನೂ ಪಾಲುಗಾರನಾಗುತ್ತಾನೆ. ಇಲ್ಲಿ ಕ್ರೌರ್ಯ ಹಿರಿಯರದಲ್ಲ, ಬಾಲಕರದೇ. ಆದಕಾರಣ ಇದೇ ಹೆಚ್ಚು ಆಳವಾದ ಕೃತಿಯೆಂದು ನಮ್ಮ ಎಣಿಕೆ. ಕಡೆಗೆ ವಿಚಾರಣೆಯಲ್ಲಿ ಅವನು ಮನಸ್ಸನ್ನೆಲ್ಲ ಬಿಚ್ಚಿಡುತ್ತಾನೆ. ಗುರುಗಳಿಗೆ ಒಂದೂ ಅರ್ಥವಾಗುವುದಿಲ್ಲ.