ಮುಚ್ಚಳ ತಾನಾಗಿ ಸಾಲುಗಟ್ಟುವುದಿಲ್ಲ

ಪ್ಯಾಕಿಂಗ್ ಲೈನಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಯಂತ್ರ ಬೌಲ್ ಫೀಡರ್. ಮೂಟೆಯಿಂದ ಅಡ್ಡಾದಿಡ್ಡಿ ಸುರಿದ ಸಣ್ಣ ಭಾಗಗಳನ್ನು ನಡುಗಿಸುತ್ತ, ಸುರುಳಿ ದಾರಿಯಲ್ಲಿ ಹತ್ತಿಸಿ, ಎಲ್ಲವನ್ನೂ ಒಂದೇ ಮುಖವಾಗಿ ಹೊರಗೆ ಕಳಿಸುವ ಬಟ್ಟಲು ಅದು. ದಾವಣಗೆರೆಯ ಕೆ.ಬಿ. ಬಡಾವಣೆಯ ಯಾವ ಔಷಧದಂಗಡಿಗೆ ಹೋದರೂ ಇಂಥ ಬಟ್ಟಲು ದಾಟಿ ಬಂದ ಮುಚ್ಚಳಗಳು ಕಪಾಟಿನಲ್ಲಿ ಸಿಗುತ್ತವೆ. ನಮ್ಮೂರಿನ ಮಂಡಕ್ಕಿಯನ್ನು ಪೊಟ್ಟಣಕ್ಕೆ ತುಂಬುವಾಗ ಕಂಪನಕ್ಕೆ ಇಷ್ಟು ಕಷ್ಟವಿಲ್ಲ. ಮಂಡಕ್ಕಿಗೆ ತಲೆ ಬುಡ ಇಲ್ಲ, ಹರಿದರೆ ಸಾಕು.

ಬಟ್ಟಲಿನ ಕೆಳಗೆ ಓರೆಯಾಗಿ ಬಿಗಿದ ಸ್ಪ್ರಿಂಗ್ ಪಟ್ಟಿಗಳಿರುತ್ತವೆ, ನಡುವೆ ವಿದ್ಯುತ್ಕಾಂತ. ಕಾಂತ ಎಳೆದಾಗ ಬಟ್ಟಲು ಕೆಳಗಿಳಿಯುತ್ತ ಕೊಂಚ ತಿರುಗುತ್ತದೆ. ಬಿಟ್ಟಾಗ ಸ್ಪ್ರಿಂಗ್ ಅದನ್ನು ಮೇಲಕ್ಕೂ ಮುಂದಕ್ಕೂ ಒದೆಯುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಈ ಎಳೆತ ಸೆಕೆಂಡಿಗೆ 100 ಸಲ. ಡಯೋಡ್ ಹಾಕಿ ಅರ್ಧ ಅಲೆ ತೆಗೆದರೆ 50 ಸಲ. ಬಟ್ಟಲಿನ ಸಹಜ ಕಂಪನ ಇದಕ್ಕೆ ಹತ್ತಿರವಿದ್ದರೆ ಸಣ್ಣ ಕಾಯಿಲ್ ಸಾಕಾಗುತ್ತದೆ. ಅಂಚಿಗೆ ಹೊಸದೊಂದು ತಗಡು ವೆಲ್ಡ್ ಮಾಡಿದರೂ ತೂಕ ಬದಲಾಗಿ ಫೀಡರ್ ಮಂಕಾಗುವುದು ಇದರಿಂದಲೇ.

ನಡುಕ ಸಾಗಿಸುತ್ತದೆ, ಆರಿಸುವುದು ದಾರಿ. ಸಿರಪ್ ಬಾಟಲಿಯ ಮುಚ್ಚಳವನ್ನೇ ನೋಡಿ: ಎತ್ತರಕ್ಕಿಂತ ಅಗಲ ಹೆಚ್ಚು. ಮಲಗಿದ ಮುಚ್ಚಳ ಮಾತ್ರ ನುಸುಳುವ ಎತ್ತರದಲ್ಲಿ ದಾರಿಯ ಮೇಲೊಂದು ತಗಡು ಬಿಗಿದರೆ, ಅಂಚಿನ ಮೇಲೆ ನಿಂತದ್ದೂ ಒಂದರ ಮೇಲೊಂದು ಹತ್ತಿದ್ದೂ ತಾಗಿ ಕೆಳಗೆ ಬೀಳುತ್ತವೆ. ಮುಂದೆ ದಾರಿಯ ಒಳಅಂಚನ್ನು ಅರ್ಧಚಂದ್ರಾಕಾರದಲ್ಲಿ ಕೊರೆದು, ನಡುವೆ ಕಿರಿದಾದ ನಾಲಿಗೆ ಉಳಿಸಿರುತ್ತಾರೆ. ಬಾಯಿ ಮೇಲಾದ ಮುಚ್ಚಳಕ್ಕೆ ಮುಚ್ಚಿದ ತಳವಿದೆ, ಅದು ಆ ನಾಲಿಗೆಯ ಮೇಲೆ ಕೂತು ದಾಟುತ್ತದೆ. ಬಾಯಿ ಕೆಳಗಾದದ್ದಕ್ಕೆ ಆಸರೆ ತೆಳ್ಳನೆಯ ಅಂಚಷ್ಟೇ. ವಾಲಿ ಬಟ್ಟಲಿಗೆ ಮರಳುತ್ತದೆ. ಸೆನ್ಸರ್ ಬೇಕಿಲ್ಲ, ಮೋಟರ್ ಬೇಕಿಲ್ಲ. ಎಂಥ ಚೆಂದದ ಯೋಚನೆ!

ಆದರೆ ಬೀಳಿಸುವುದಕ್ಕೆ ಬೆಲೆ ತೆರಬೇಕು. 25 ಮಿ.ಮೀ. ಮುಚ್ಚಳಗಳು ಸೆಕೆಂಡಿಗೆ 50 ಮಿ.ಮೀ. ವೇಗದಲ್ಲಿ ಒತ್ತೊತ್ತಾಗಿ ಬಂದರೆ ನಿಮಿಷಕ್ಕೆ 120. ಅರ್ಧ ತಲೆಕೆಳಗಾಗಿದ್ದರೆ ಸಿಗುವುದು 60. ಮುಚ್ಚಳ ಹಾಕುವ ಯಂತ್ರ 100 ಕೇಳಿದಾಗ ನಾಬ್ ತಿರುಗಿಸಿ ಕಂಪನ ಏರಿಸುವ ಅಭ್ಯಾಸವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಮುಚ್ಚಳಗಳು ಕುಣಿಯತೊಡಗಿ ಸರಿಯಿದ್ದವೂ ಬೀಳುತ್ತವೆ, ತಪ್ಪಿದ್ದವು ಹಾರಿ ದಾಟುತ್ತವೆ. ಬಿದ್ದವು ಸುತ್ತಿ ಸುತ್ತಿ ಉಜ್ಜಿ ಪ್ಲಾಸ್ಟಿಕ್ ಪುಡಿ ಉದುರಿಸುತ್ತವೆ. ಔಷಧದ ಹತ್ತಿರ ಆ ಪುಡಿ ಸುಳಿಯಕೂಡದು. ತಪ್ಪಾದವನ್ನು ಬೀಳಿಸದೆ ದಾರಿಯಲ್ಲೇ ಮಗುಚಿಹಾಕುವ ತಿರುವು ಕಟ್ಟಬೇಕು; ಅದಕ್ಕೆ ದೊಡ್ಡ ಬಟ್ಟಲೂ ಬೇಕು, ಫಿಟ್ಟರಿಗೆ ಸಮಯವೂ ಬೇಕು.

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಈಗಿಲ್ಲ. ಅದು ಲೇಥ್ ಕಟ್ಟುತ್ತ ಈ ಸೀಮೆಯ ತಲೆಮಾರುಗಳಿಗೆ ಕಬ್ಬಿಣದ ಕೆಲಸ ಕಲಿಸಿತು. ಬೌಲ್ ಫೀಡರಿಗೆ ಬೇಕಾದ್ದು ಅಂಥ ಕೈಯೇ: ಅರ ಹಿಡಿದು ಒಂದೆಳೆ ಉಜ್ಜಿ, ಮುಚ್ಚಳ ಬಿಟ್ಟು ನೋಡಿ, ಮತ್ತೆ ಉಜ್ಜುವ ಕೈ. ಆ ಕೈಗೆ ನಾನು ತಲೆಬಾಗುತ್ತೇನೆ. ಆದರೆ ಲೇಥಿನ ಗೇರಿಗೆ ಡ್ರಾಯಿಂಗ್ ಇಲ್ಲದಿದ್ದರೆ ಯಾರೂ ಒಪ್ಪುವುದಿಲ್ಲ. ಫೀಡರಿನ ಕಂಡಿಗೆ ಅದು ಇಲ್ಲದಿದ್ದರೂ ನಡೆದುಹೋಗುತ್ತದೆ. ಮುಚ್ಚಳದ ಅಳತೆ ಬದಲಾದ ದಿನ ಎಲ್ಲ ಮೊದಲಿನಿಂದ.

ಬರೆದಿಡಲಾಗದ ವಿದ್ಯೆಯೇನೂ ಇದಲ್ಲ. 1970ರ ದಶಕದಲ್ಲಿ ಜೆಫ್ರಿ ಬೂತ್‌ರಾಯ್ಡ್ ಮತ್ತು ಸಂಗಡಿಗರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಸಣ್ಣ ಭಾಗಗಳನ್ನು ಆಕಾರದ ಮೇಲೆ ವಿಂಗಡಿಸಿ, ಯಾವುದಕ್ಕೆ ಯಾವ ಕಂಡಿ, ಯಾವ ತಡೆ ಎಂದು ಕೈಪಿಡಿ ಮಾಡಿದರು. ಅವರ ಬುದ್ಧಿಮಾತು ಭಾಗದ ವಿನ್ಯಾಸಕ್ಕೇ ಹೋಗಿ ಮುಟ್ಟುತ್ತದೆ: ಸಾಧ್ಯವಾದರೆ ಎರಡೂ ಕಡೆ ಒಂದೇ ಮಾಡಿ, ಆಗದಿದ್ದರೆ ವ್ಯತ್ಯಾಸವನ್ನು ಎದ್ದುಕಾಣುವಷ್ಟು ದೊಡ್ಡದು ಮಾಡಿ. ನಮ್ಮಲ್ಲಿ ಅಚ್ಚು ಮುಗಿದು, ಮುಚ್ಚಳ ಮೂಟೆಗಟ್ಟಲೆ ಬಂದ ಮೇಲೆ ಫೀಡರ್ ಮಾಡುವವರನ್ನು ಕರೆಯುತ್ತಾರೆ. ಅಚ್ಚಿಗೆ ಮುಂಚೆಯೇ ಕರೆಯಬೇಕು.

ಪರೀಕ್ಷೆಯೂ ಹಾಗೆ. ಆರಿಸಿ ತಂದ ನುಣುಪಾದ ಹಿಡಿಯಷ್ಟು ಮುಚ್ಚಳಗಳಿಂದ ಫೀಡರನ್ನು ಒಪ್ಪಿಕೊಳ್ಳುವುದು ತಪ್ಪು. ಅಚ್ಚಿನ ಪ್ರತಿಯೊಂದು ಗೂಡಿನ ಮುಚ್ಚಳವೂ, ಅಂಚಿನಲ್ಲಿ ಪ್ಲಾಸ್ಟಿಕ್ ಉಕ್ಕಿ ಉಳಿದದ್ದೂ ಅದರೊಳಗಿರಬೇಕು. ಬಟ್ಟಲು ತುಂಬಿದ್ದಾಗಲೂ, ತಳ ಕಾಣುವಾಗಲೂ ಓಡಿಸಬೇಕು. ಒಂದು ಪಾಳಿಯಲ್ಲಿ ಎಷ್ಟು ತಲೆಕೆಳಗಾಗಿ ಬಂದವು, ಆಪರೇಟರ್ ಎಷ್ಟು ಸಲ ಕೈಹಾಕಿ ಬಿಡಿಸಬೇಕಾಯಿತು ಎಂಬ ಎರಡು ಅಂಕಿ ಕಾಗದದ ಮೇಲೆ ಬರುವವರೆಗೆ ಬಿಲ್ಲಿಗೆ ಸಹಿ ಹಾಕಬಾರದು.