ಒಂದೇ ಸಾಕೆಟ್, ಹೊಂದದ ಜೋಡಿ
ಸಾಕೆಟ್ಟಿನ ಹೆಸರು ಒಂದೇ ಆದರೆ ಮದರ್‌ಬೋರ್ಡಿಗೂ ಪ್ರೊಸೆಸರಿಗೂ ಹೊಂದಿಕೆಯಾಯಿತೆಂದು ನಂಬುವವರು ಬಹಳ. ಈ ಗೊಂದಲಕ್ಕೆ ಇಂಟೆಲ್ ಕಂಪನಿಯೇ ಹೊಣೆ. 2015ರ ಆರನೆಯ ಪೀಳಿಗೆಗೂ 2017ರ ಎಂಟನೆಯ ಪೀಳಿಗೆಗೂ ಅದು ಎಲ್‌ಜಿಎ 1151 ಎಂಬ ಹೆಸರನ್ನೇ ಉಳಿಸಿಕೊಂಡಿತು. ಎಂಟನೆಯದಕ್ಕೆ ಬೇಕಾದದ್ದು ಮಾತ್ರ 300 ಸರಣಿಯ ಚಿಪ್‌ಸೆಟ್. ದಂಡಿಗನಹಳ್ಳಿಯ ವಿದ್ಯಾರ್ಥಿ ಬೆಂಗಳೂರಿನಿಂದ ತಂದ ಬೋರ್ಡು ಹೊಂದದಿದ್ದರೆ ದುಡ್ಡೂ ದಿನವೂ ದಂಡ.

ಓವರ್‌ಕ್ಲಾಕಿಂಗ್‌ಗೆ ಇಂಟೆಲ್‌ನಲ್ಲಿ ಗುಣಕಕ್ಕೆ ಬೀಗವಿಲ್ಲದ 'ಕೆ' ಪ್ರೊಸೆಸರ್, ಜೊತೆಗೆ 'ಜಡ್' ಚಿಪ್‌ಸೆಟ್ ಬೇಕು. ಎಎಂಡಿ 2017ರಲ್ಲಿ ಅಗ್ಗದ ಬಿ350ರಲ್ಲೂ ಅವಕಾಶ ಕೊಟ್ಟದ್ದು ಮೆಚ್ಚತಕ್ಕದ್ದು.

ಇನ್ನು ಉಷ್ಣದ ಲೆಕ್ಕ. ಟ್ರಾನ್ಸಿಸ್ಟರುಗಳ ಸ್ವಿಚಿಂಗ್‌ನಲ್ಲಿ ಸೆಕೆಂಡಿಗೆ ವ್ಯಯವಾಗುವ ಶಕ್ತಿ ಆವರ್ತಾಂಕಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಲೋಮ ಅನುಪಾತದಲ್ಲಿದೆ. ಎರಡನ್ನೂ ಶೇ. 10 ಏರಿಸಿದರೆ ಅದು ಶೇ. 33 ಏರುತ್ತದೆ. ಈ ಹೊರೆ ಬೋರ್ಡಿನ ವೋಲ್ಟೇಜ್ ನಿಯಂತ್ರಕದ ಮೇಲೂ ಬೀಳುತ್ತದೆ. ಅದಕ್ಕೆ ಉಷ್ಣಶೋಷಕ ಕೂರಿಸಿದ್ದಾರೆಯೇ ಎಂಬುದನ್ನು ಕೊಳ್ಳುವ ಮುನ್ನ ನೋಡಬೇಕು.