ಹಾಡಿಗೆ ಕಾಸು ಕೊಟ್ಟವರು ಯಾರು?

2025ರ ಏಪ್ರಿಲ್ 11ರ ರಾತ್ರಿ. ಮೆಕ್ಸಿಕೊ ದೇಶದ ತೆಸ್ಕೊಕೊ ಎಂಬ ಊರಿನಲ್ಲಿ ಕುದುರೆ ಜಾತ್ರೆ. ಲೂಯಿಸ್ ಆರ್. ಕೊನ್ರಿಕೆಸ್ ಎಂಬ ಗಾಯಕ ವೇದಿಕೆಗೆ ಬಂದು, ಇವತ್ತು ಮಾದಕದ್ರವ್ಯದ ದೊರೆಗಳ ಹಾಡುಗಳನ್ನು ಹಾಡಲಾರೆ, ನಿರ್ಬಂಧವಿದೆ ಎಂದು ತಿಳಿಸಿದ. ಜನ ಮೊದಲು ಕೂಗಿದರು. ಆಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದರು. ತಂಡ ಇಳಿದು ಹೋದ ಮೇಲೆ ಕೆಲವರು ವೇದಿಕೆ ಹತ್ತಿ ವಾದ್ಯಗಳನ್ನೂ ಧ್ವನಿವರ್ಧಕಗಳನ್ನೂ ಒಡೆದು ಹಾಕಿದರು. ದುಡ್ಡು ಕೊಟ್ಟು ಬಂದಿದ್ದವರಿಗೆ ಆ ಹಾಡುಗಳೇ ಬೇಕಿದ್ದವು.

ಇದಕ್ಕೆ ಎರಡು ವಾರ ಮೊದಲು, ಮಾರ್ಚ್ 29ರಂದು, ಗ್ವಾದಲಹಾರ ನಗರದ ಹೊರವಲಯದ ಸಭಾಂಗಣವೊಂದರಲ್ಲಿ ‘ಲೋಸ್ ಅಲೆಗ್ರೆಸ್ ದೆಲ್ ಬರಾಂಕೊ’ ತಂಡ ಹಾಡುತ್ತಿತ್ತು. ಹಿಂದಿನ ಪರದೆಯ ಮೇಲೆ ‘ಎಲ್ ಮೆಂಚೊ’ನ ಮುಖ ಮೂಡಿತು. ಅವನು ಆಗ ಹಲಿಸ್ಕೊ ಕಾರ್ಟೆಲ್ ಎಂಬ ಮಾದಕದ್ರವ್ಯ ಜಾಲದ ಮುಖ್ಯಸ್ಥ. ಸಭೆ ಕೇಕೆ ಹಾಕಿತು. ಅದೇ ತಿಂಗಳ ಆರಂಭದಲ್ಲಿ, ಅದೇ ರಾಜ್ಯದ ತೆವುಚಿತ್ಲಾನ್ ಬಳಿಯ ತೋಟದ ಮನೆಯೊಂದರಲ್ಲಿ, ಕಾಣೆಯಾದವರನ್ನು ಹುಡುಕುತ್ತಿರುವ ಕುಟುಂಬಗಳ ಸಂಘಟನೆಯೊಂದಕ್ಕೆ ಎಲುಬಿನ ಚೂರುಗಳೂ ನೂರಾರು ಪಾದರಕ್ಷೆಗಳೂ ಸಿಕ್ಕಿದ್ದವು. ಕಾರ್ಟೆಲ್ ಆ ಜಾಗವನ್ನು ಬಳಸುತ್ತಿತ್ತೆಂದು ಸರಕಾರವೇ ಆಮೇಲೆ ಒಪ್ಪಿತು. ಪರದೆಯ ಮೇಲಿನ ಮುಖಕ್ಕೆ ಕೇಕೆ ಹಾಕಿದವರೂ, ಆ ರಾಶಿಯಲ್ಲಿ ಮಗನ ಬೂಟಿಗಾಗಿ ತಡಕಾಡಿದ ತಾಯಂದಿರೂ ಒಂದೇ ಸೀಮೆಯವರು. ಬಹುಶಃ ಒಂದೇ ಸಂಗೀತ ಕೇಳಿ ಬೆಳೆದವರು.

ಈ ಸಂಗೀತದ ಬಗ್ಗೆ ನಡೆಯುವ ಜಗಳದಲ್ಲಿ ಎರಡು ಬೇರೆ ಬೇರೆ ಆಕ್ಷೇಪಗಳು ಬೆರೆತುಹೋಗಿವೆ ಎಂದು ನನಗನಿಸುತ್ತದೆ. ಒಂದು ತಾತ್ಸಾರದ್ದು, ಇನ್ನೊಂದು ದುಃಖದ್ದು. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಕೇಳುಗರಿಗೂ ಅನ್ಯಾಯ, ನೊಂದವರಿಗೂ ಅನ್ಯಾಯ.

ಮೊದಲು ತಾತ್ಸಾರದ ಮಾತು. ‘ಪ್ರಾದೇಶಿಕ ಮೆಕ್ಸಿಕನ್ ಸಂಗೀತ’ ಎಂಬ ಹೆಸರೇ ಅಮೆರಿಕದ ರೇಡಿಯೊ ಉದ್ಯಮ ಅಂಟಿಸಿದ ಚೀಟಿ. ಅದರಡಿ ಹಲವು ಬಗೆಗಳನ್ನು ತುರುಕಲಾಗಿದೆ. ಹಲಿಸ್ಕೊ ಕಡೆಯ ಮರಿಯಾಚಿ ಇದೆ. ಅಕಾರ್ಡಿಯನ್ ಮತ್ತು ‘ಬಾಹೊ ಸೆಸ್ತೊ’ ಎಂಬ ಹನ್ನೆರಡು ತಂತಿಗಳ ವಾದ್ಯದ ಮೇಲೆ ನಿಂತ ಉತ್ತರದ ನೊರ್ತೆನ್ಯೊ ಇದೆ. ಕಹಳೆ, ಟ್ಯೂಬಾ, ದೊಡ್ಡ ನಗಾರಿಗಳ ಸಿನಲೋವಾ ರಾಜ್ಯದ ಬಾಂದಾ ಇದೆ. ಗಿಟಾರು ಪ್ರಧಾನವಾದ ಬೆಟ್ಟಸೀಮೆಯ ಹಾಡುಗಳಿವೆ. ಇವುಗಳ ನಡುವಿನ ವ್ಯತ್ಯಾಸ ಕಡಿಮೆಯೇನಲ್ಲ. ಆದರೆ ಇವನ್ನು ಕೇಳುವವರು ಒಂದೇ ವರ್ಗದವರು: ಹೊಲದಲ್ಲಿ, ಕಟ್ಟಡದಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರು, ಗಡಿ ದಾಟಿ ಹೋದವರು. ಹಾಗಾಗಿ ‘ಪ್ರಾದೇಶಿಕ’ ಎಂಬ ಪದಕ್ಕೆ ಭೂಗೋಳಕ್ಕಿಂತ ವರ್ಗದ ವಾಸನೆಯೇ ಹೆಚ್ಚು. ಗ್ರ್ಯಾಮಿ ಪ್ರಶಸ್ತಿಯವರು ತಮ್ಮ ವಿಭಾಗದ ಹೆಸರಿನಿಂದ ಆ ಪದವನ್ನು ಕೈಬಿಟ್ಟದ್ದು 2024ರ ಪ್ರಶಸ್ತಿಗಳ ಹೊತ್ತಿಗೆ.

ಬಂದರು ನಗರ ಮಸತ್ಲಾನಿನ ಶ್ರೀಮಂತರಿಗೆ ನೂರು ವರ್ಷಗಳ ಹಿಂದೆಯೇ ಬಾಂದಾ ಎಂದರೆ ಹೆಂಡದಂಗಡಿಯ ಗದ್ದಲ. ಅವರ ಕ್ಲಬ್ಬುಗಳ ಒಳಗೆ ಅದಕ್ಕೆ ಜಾಗವಿರಲಿಲ್ಲ. 2024ರ ಮಾರ್ಚಿನಲ್ಲಿ ಅದೇ ಊರಿನ ಹೋಟೆಲು ಮಾಲೀಕರು, ಕಡಲತೀರದಲ್ಲಿ ಬಾರಿಸುವ ಬಾಂದಾ ತಂಡಗಳಿಂದ ಪ್ರವಾಸಿಗರಿಗೆ ತೊಂದರೆಯಾಗುತ್ತಿದೆ ಎಂದು ದೂರಿದರು. ವಾದ್ಯಗಾರರು ತಮ್ಮ ಕಹಳೆ, ನಗಾರಿಗಳೊಂದಿಗೇ ಬೀದಿಗಿಳಿದರು. ಪೊಲೀಸರೊಂದಿಗೆ ತಳ್ಳಾಟವಾಯಿತು. ಊರಿನ ಹೆಸರು ಹೇಳಿ ಪ್ರವಾಸಿಗರನ್ನು ಕರೆಯುವವರಿಗೆ ಊರಿನ ಸದ್ದು ಬೇಡವಾಗಿತ್ತು.

ಗಡಿಯಾಚೆಗೂ ಇದೇ ಕಥೆ. 1992ರಲ್ಲಿ ಲಾಸ್ ಏಂಜಲೀಸಿನ ಕೆಎಲ್‌ಎಎಕ್ಸ್ ಎಂಬ ಸ್ಪ್ಯಾನಿಷ್ ರೇಡಿಯೊ, ಬಾಂದಾ ಮತ್ತು ರಂಚೆರಾ ಹಾಡುಗಳನ್ನು ಹಾಕಿಯೇ ಇಂಗ್ಲಿಷ್ ಕೇಂದ್ರಗಳನ್ನೆಲ್ಲ ಹಿಂದಿಕ್ಕಿ ನಗರದ ಮೊದಲ ಸ್ಥಾನಕ್ಕೇರಿತು. ರೇಡಿಯೊ ವಲಯದ ಹಲವರು ಅದನ್ನು ನಂಬಲೇ ಇಲ್ಲ. ಎಣಿಕೆ ತಪ್ಪಿರಬೇಕು ಎಂದರು. ತಮ್ಮ ತೋಟ ನೋಡಿಕೊಳ್ಳುವವರು, ಪಾತ್ರೆ ತೊಳೆಯುವವರು ಇಷ್ಟೊಂದು ಜನರಿದ್ದಾರೆ ಮತ್ತು ಅವರಿಗೂ ಕಿವಿಗಳಿವೆ ಎಂಬುದು ಅವರಿಗೆ ಅಂದು ಗೊತ್ತಾಯಿತು. ಎರಡೇ ವರ್ಷಗಳಲ್ಲಿ, 1994ರಲ್ಲಿ, ದಾಖಲೆಯಿಲ್ಲದ ವಲಸಿಗರಿಗೆ ಶಾಲೆ, ಆಸ್ಪತ್ರೆಗಳ ಸೌಲಭ್ಯ ನಿಲ್ಲಿಸುವ ಪ್ರಸ್ತಾವಕ್ಕೆ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿಗೆ ಕೊಟ್ಟರು. ನ್ಯಾಯಾಲಯ ಅದನ್ನು ತಡೆಯಿತು, ಆ ಮಾತು ಬೇರೆ.

ಈಗ ಈ ಸಂಗೀತ ಜಗತ್ತಿನ ತುಂಬ ಹಬ್ಬಿದೆ. ‘ಎಸ್ಲಾಬೊನ್ ಅರ್ಮಾದೊ’ ತಂಡ ಮತ್ತು ಪೇಸೊ ಪ್ಲೂಮಾ ಹಾಡಿದ ‘ಎಯ್ಯಾ ಬೈಲಾ ಸೋಲಾ’ 2023ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಮುಖ್ಯ ಪಟ್ಟಿಯ 4ನೇ ಸ್ಥಾನಕ್ಕೇರಿತು. ಈ ಬಗೆಯ ಹಾಡೊಂದು ಅಲ್ಲಿ ಮೊದಲ ಹತ್ತರೊಳಗೆ ಬಂದದ್ದು ಅದೇ ಮೊದಲು. ಪೇಸೊ ಪ್ಲೂಮಾ 1999ರಲ್ಲಿ ಹುಟ್ಟಿದವನು. ಅವನಿಗಿಂತ ಮೊದಲು ಈ ದಾರಿ ತೋರಿದ ನತನಾಯೆಲ್ ಕಾನೊ ಹುಟ್ಟಿದ್ದು 2001ರಲ್ಲಿ. ಹಳೆಯ ಕಥನಗೀತೆಗೆ ಇವರು ಅಮೆರಿಕದ ರ್‍ಯಾಪ್ ಹುಡುಗರ ಉಡುಗೆ, ನಡಿಗೆ, ಮಾತಿನ ಠೀವಿ ತೊಡಿಸಿದರು. ಸಂಪ್ರದಾಯ ಕೆಟ್ಟಿತು ಎಂದು ಹಿರಿಯರಿಗೆ ಬೇಸರ. ಈ ಬೇಸರವನ್ನು ನಾನು ಅಷ್ಟಾಗಿ ಒಪ್ಪಲಾರೆ. ನೊರ್ತೆನ್ಯೊದ ಪ್ರಾಣವಾದ ಅಕಾರ್ಡಿಯನ್ನೂ ಪೋಲ್ಕಾ ಲಯವೂ ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್, ಚೆಕ್ ವಲಸಿಗರಿಂದ ಬಂದವು. ಅಂದೂ ಯಾರೋ ಮೂಗು ಮುರಿದಿರಬೇಕು. ಪೇಸೊ ಪ್ಲೂಮಾನ ಕಂಠ ಒರಟು, ಮೂಗಿನಿಂದ ಬರುವಂಥದ್ದು, ನಿಜ. ಆದರೆ ಆ ಒರಟು ದನಿಯ ಸುತ್ತ ಸಣ್ಣ ಗಿಟಾರೂ ಟ್ರೊಂಬೋನೂ ಹೆಣೆದುಕೊಳ್ಳುವ ರೀತಿಯನ್ನು ಎರಡು ಸಲ ಕೇಳಿದವರು ಇದನ್ನು ಬರೀ ಗದ್ದಲ ಎನ್ನಲಾರರು.

ಇಷ್ಟು ಹೇಳಿದ ಮೇಲೆ ಎರಡನೆಯ ಆಕ್ಷೇಪಕ್ಕೆ ಬರಲೇಬೇಕು. ಅದು ಕಿವಿಯ ಪ್ರಶ್ನೆಯಲ್ಲ.

ಕಥೆ ಹೇಳುವ ಈ ಹಾಡಿಗೆ ಕೊರಿದೊ ಎಂದು ಹೆಸರು. ಹಲಗಲಿ ಬೇಡರ ಲಾವಣಿ ಬಲ್ಲವರಿಗೆ ಇದರ ಜಾಡು ಸುಲಭವಾಗಿ ಹಿಡಿಯುತ್ತದೆ. 1901ರಲ್ಲಿ ಟೆಕ್ಸಾಸಿನಲ್ಲಿ ಕುದುರೆ ಕಳವಿನ ವಿಚಾರಣೆಗೆಂದು ಒಬ್ಬ ಶೆರೀಫ್ ಗ್ರೆಗೊರಿಯೊ ಕೊರ್ತೆಸ್ ಎಂಬ ರೈತನ ಮನೆಗೆ ಬಂದ. ಗಂಡು ಕುದುರೆಗೂ ಹೆಣ್ಣು ಕುದುರೆಗೂ ಸ್ಪ್ಯಾನಿಷಿನಲ್ಲಿ ಬೇರೆ ಬೇರೆ ಪದಗಳು. ದುಭಾಷಿಗೆ ಅದು ಸರಿಯಾಗಿ ತಿಳಿಯಲಿಲ್ಲ. ನಿಜ ಹೇಳಿದವನು ಸುಳ್ಳುಗಾರನಾದ. ಶೆರೀಫ್ ಅವನ ಅಣ್ಣನಿಗೆ ಗುಂಡು ಹೊಡೆದ, ಕೊರ್ತೆಸ್ ಶೆರೀಫನನ್ನು ಕೊಂದು ಓಡಿದ. ನೂರಾರು ಜನ ಬೆನ್ನಟ್ಟಿದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಅವನು ಕೊಲೆಗಡುಕ. ಕೊರಿದೊದಲ್ಲಿ ಅವನು ತನ್ನ ಹಕ್ಕನ್ನು ಕಾಯ್ದುಕೊಂಡವನು. ವಿದ್ವಾಂಸ ಅಮೆರಿಕೊ ಪರೇದೆಸ್ 1958ರಲ್ಲಿ ಈ ಒಂದು ಹಾಡಿನ ಮೇಲೆಯೇ ಒಂದು ಪುಸ್ತಕ ಬರೆದ. ಪತ್ರಿಕೆಯಿಲ್ಲದವರ ಪತ್ರಿಕೆ ಕೊರಿದೊ ಆಗಿತ್ತು. ಆ ಹಾಡಿಗೆ ಕೊರ್ತೆಸ್ ಹಣ ಕೊಟ್ಟಿರಲಿಲ್ಲ.

1970ರ ದಶಕದಲ್ಲಿ ‘ಲೋಸ್ ತೀಗ್ರೆಸ್ ದೆಲ್ ನೊರ್ತೆ’ ಎಂಬ ತಂಡ ಕಾರಿನ ಟೈರುಗಳಲ್ಲಿ ಗಾಂಜಾ ತುಂಬಿ ಗಡಿ ದಾಟುವ ಎಮಿಲಿಯೊ ಮತ್ತು ಕಮೇಲಿಯಾ ಎಂಬ ಜೋಡಿಯ ಹಾಡು ಹಾಡಿತು. ಕಳ್ಳಸಾಗಣೆಯ ಹಾಡುಗಳು ಅದಕ್ಕೂ ಮೊದಲೇ ಇದ್ದವು. ಆದರೆ ಇವತ್ತಿನ ಅಲೆ ಎದ್ದದ್ದು ಅಲ್ಲಿಂದ. ಆ ಜೋಡಿ ಕಲ್ಪಿತ. ಅದೇ ತಂಡ, ಅಮೆರಿಕದಲ್ಲಿ ದಾಖಲೆಯಿಲ್ಲದೆ ಬದುಕುವ ಅಪ್ಪನೊಬ್ಬನ ಚಿನ್ನದ ಪಂಜರದ ಹಾಡನ್ನೂ ಹಾಡಿತು. ಮನೆಯ ಮಕ್ಕಳೇ ತಾಯ್ನುಡಿ ಬೇಡವೆನ್ನುವ ಸಂಕಟ ಅದರಲ್ಲಿದೆ. ಈ ಎರಡನ್ನೂ ಒಂದೇ ಕೊರಳು ಹಾಡಬಲ್ಲುದಾಗಿತ್ತು ಎಂಬುದನ್ನು ಗಮನಿಸಬೇಕು.

ತಿರುವು ಬಂದದ್ದು ಚಾಲಿನೊ ಸಾಂಚೆಸ್‌ನಿಂದ. ಸಿನಲೋವಾದ ಹಳ್ಳಿಯಿಂದ ಲಾಸ್ ಏಂಜಲೀಸಿಗೆ ಹೋಗಿ ಕೂಲಿನಾಲಿ ಮಾಡಿದ ಈತ, ಜನ ಕೇಳಿದಂತೆ ಅವರ ಬಗ್ಗೆ ಕೊರಿದೊ ಕಟ್ಟಿ ಹಣ ಪಡೆಯುತ್ತಿದ್ದ. ಮೊದಲು ಜೈಲಿನ ಸಹವಾಸಿಗಳಿಗೆ, ಆಮೇಲೆ ಕೇಳಿದವರಿಗೆಲ್ಲ. ಸಂತೆಯಲ್ಲಿ, ಕಾರಿನ ಡಿಕ್ಕಿಯಿಂದ ಕ್ಯಾಸೆಟ್ ಮಾರುತ್ತಿದ್ದ. ಶ್ರುತಿ ತಪ್ಪುವ ಅವನ ದನಿಗೆ ಜನ ಮರುಳಾದರು, ಏಕೆಂದರೆ ಅದು ಅವರದೇ ದನಿಯಂತಿತ್ತು. 1992ರ ಮೇ ತಿಂಗಳಲ್ಲಿ ಕುಲಿಯಕಾನ್ ನಗರದಲ್ಲಿ ಹಾಡುತ್ತಿರುವಾಗ ಅವನಿಗೆ ಯಾರೋ ಒಂದು ಚೀಟಿ ಕೊಟ್ಟರು. ಅದನ್ನು ಓದಿ ಹಣೆ ಒರೆಸಿಕೊಂಡು ಹಾಡು ಮುಂದುವರಿಸಿದ. ಮರುದಿನ ಬೆಳಿಗ್ಗೆ ಅವನ ಹೆಣ ಸಿಕ್ಕಿತು. ಸತ್ತ ಮೇಲೆ ಅವನ ಕ್ಯಾಸೆಟ್‌ಗಳು ಇನ್ನೂ ಹೆಚ್ಚು ಮಾರಾಟವಾದವು.

ಚಾಲಿನೊ ಬಡವರ ಸಣ್ಣಪುಟ್ಟ ಹಗೆಗಳನ್ನೂ ಹಾಡಿದ್ದ. ಅವನ ನಂತರ ಬಂದವರ ಕೈಗೆ ಆ ವ್ಯವಹಾರ ಮಾತ್ರ ಉಳಿಯಿತು. ಶಾವುಲ್ ಶ್ವಾರ್ಟ್ಸ್ ನಿರ್ದೇಶನದ ‘ನಾರ್ಕೊ ಕುಲ್ತುರಾ’ ಎಂಬ ಸಾಕ್ಷ್ಯಚಿತ್ರ 2013ರಲ್ಲಿ ಬಂತು. ಅದರಲ್ಲಿ ಇಬ್ಬರಿದ್ದಾರೆ. ಒಬ್ಬ ಲಾಸ್ ಏಂಜಲೀಸಿನಲ್ಲಿ ಕುಳಿತು, ಗಿರಾಕಿ ಹೇಳಿದ ವಿವರಗಳನ್ನಿಟ್ಟುಕೊಂಡು ಹಂತಕರ ಹೊಗಳಿಕೆ ಕಟ್ಟುವ ಗಾಯಕ. ಇನ್ನೊಬ್ಬ ಹುವಾರೆಸ್ ನಗರದಲ್ಲಿ ಬೀದಿಯಿಂದ ಹೆಣ ಎತ್ತಿ ಪರೀಕ್ಷೆಗೆ ಒಯ್ಯುವ ಸರಕಾರಿ ನೌಕರ. 2010ರಲ್ಲಿ ಆ ಒಂದೇ ನಗರದಲ್ಲಿ ಸುಮಾರು 3,000 ಕೊಲೆಗಳಾದವು. ನದಿಯಾಚೆಯ ಅಮೆರಿಕದ ಎಲ್ ಪಾಸೊದಲ್ಲಿ ಆದದ್ದು 5.

ಅಭಿಮಾನಿಗಳೂ ಗಾಯಕರೂ ಕೊಡುವ ಉತ್ತರ ಒಂದೇ: ನಾವು ಇರುವುದನ್ನು ಹಾಡುತ್ತೇವೆ, ಕನ್ನಡಿಯನ್ನು ಒಡೆದರೆ ಮುಖ ಸರಿಹೋಗುವುದೇ? ಈ ವಾದದ ಅರ್ಧವನ್ನು ಒಪ್ಪಬಹುದು. ಆದರೆ ಕನ್ನಡಿಗೆ ಬಾಡಿಗೆ ಕೊಟ್ಟವನ ಮುಖವಷ್ಟೇ ಅದರಲ್ಲಿ ಕಾಣುವುದಾದರೆ? ಮೆಕ್ಸಿಕೊದಲ್ಲಿ ಕಾಣೆಯಾದವರ ಅಧಿಕೃತ ಸಂಖ್ಯೆ 2022ರ ಮೇ ತಿಂಗಳಲ್ಲೇ 1 ಲಕ್ಷ ದಾಟಿತು. ಅದೂ ವಾಸ್ತವವೇ. ಚಾಲಿನೊ ಕೊನೆಯ ಸಲ ಹಾಡಿದ ಕುಲಿಯಕಾನ್‌ನಲ್ಲೇ, 2017ರ ಮೇ 15ರ ಹಾಡುಹಗಲು, ಕಾರ್ಟೆಲ್‌ಗಳ ಬಗ್ಗೆ ಬರೆಯುತ್ತಿದ್ದ ಪತ್ರಕರ್ತ ಹಾವಿಯೆರ್ ವಾಲ್ದೆಸ್‌ನನ್ನು ಗುಂಡಿಟ್ಟು ಕೊಂದರು. ಸಲಿಕೆ ಹಿಡಿದು ಗುಡ್ಡದಲ್ಲಿ ಮಗನ ಎಲುಬು ಅಗೆಯುವ ತಾಯಿ ತನ್ನ ಮೇಲೊಂದು ಕೊರಿದೊ ಕಟ್ಟಿಸಲು ಎಲ್ಲಿಂದ ಹಣ ತರಬೇಕು? ರಾಜಾಸ್ಥಾನದ ಕವಿಗಳು ದೊರೆಯನ್ನು ಹೊಗಳಿ ಬರೆದುದನ್ನು ನಾವು ಚರಿತ್ರೆಯೆಂದು ಹಾಗೇ ನುಂಗುವುದಿಲ್ಲವಷ್ಟೆ. ಇದನ್ನೂ ನುಂಗಬೇಕಾಗಿಲ್ಲ.

ಹಾಗಾದರೆ ನಿಷೇಧ? ಅದು ದುಃಖದ ಹೆಸರು ಹೇಳಿಕೊಂಡು ಬರುತ್ತದೆ, ಕೆಲಸ ಮಾತ್ರ ತಾತ್ಸಾರದ್ದು. 2011ರಲ್ಲಿ ಸಿನಲೋವಾದ ಗವರ್ನರ್, ಈ ಹಾಡುಗಳನ್ನು ಹಾಕುವ ಮದ್ಯದಂಗಡಿಗಳ ಪರವಾನಗಿ ರದ್ದು ಮಾಡುವ ಆದೇಶ ಹೊರಡಿಸಿದರು. 2013ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿತು. ಚಿವಾವಾ ನಗರ 2012ರಲ್ಲಿ ಲೋಸ್ ತೀಗ್ರೆಸ್ ತಂಡಕ್ಕೇ ಬಾಗಿಲು ಮುಚ್ಚಿತು. ಈ ಆದೇಶಗಳು ಬರುತ್ತಿದ್ದ ಕಾಲದಲ್ಲಿ ಮಾದಕದ್ರವ್ಯದ ವಿರುದ್ಧ ದೇಶದ ಸಮರವನ್ನು ನಡೆಸುತ್ತಿದ್ದ ಭದ್ರತಾ ಮಂತ್ರಿ ಹೆನಾರೊ ಗಾರ್ಸಿಯಾ ಲೂನಾ. ಸಿನಲೋವಾ ಕಾರ್ಟೆಲ್‌ನಿಂದ ಲಂಚ ತಿಂದದ್ದಕ್ಕೆ ಇದೇ ಮನುಷ್ಯನನ್ನು 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅಪರಾಧಿ ಎಂದಿತು, 2024ರಲ್ಲಿ 38 ವರ್ಷಗಳಿಗೂ ಹೆಚ್ಚಿನ ಸೆರೆವಾಸ ವಿಧಿಸಿತು. ಮದ್ಯದಂಗಡಿಯ ಸ್ಪೀಕರಿನಲ್ಲಿ ಅಪರಾಧ ಹುಡುಕುತ್ತಿದ್ದ ವ್ಯವಸ್ಥೆಗೆ ತನ್ನ ಮಂತ್ರಿಯ ಕುರ್ಚಿಯಲ್ಲಿ ಅದು ಕಾಣಿಸಲಿಲ್ಲ.

ಗಾಯಕರ ಪಾಡು ನಡುವೆ ಸಿಕ್ಕಿದ ಹುಲ್ಲಿನಂತೆ. ವಲೆಂತೀನ್ ಎಲಿಸಾಲ್ದೆ 2006ರ ನವೆಂಬರಿನಲ್ಲಿ ರೆಯ್ನೊಸಾದಲ್ಲಿ ಹಾಡಿ ಹೊರಬಂದ ಸ್ವಲ್ಪ ಹೊತ್ತಿಗೇ ಗುಂಡಿಗೆ ಬಲಿಯಾದ. 2023ರಲ್ಲಿ ಪೇಸೊ ಪ್ಲೂಮಾ ತಿಹುವಾನಾದಲ್ಲಿ ಹಾಡಬಾರದೆಂದು ಬೆದರಿಕೆಯ ಫಲಕಗಳು ಕಾಣಿಸಿಕೊಂಡು ಕಾರ್ಯಕ್ರಮವೇ ರದ್ದಾಯಿತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿನ ನಗರಸಭೆ ಇಂಥ ಹಾಡುಗಳನ್ನು ನಿಷೇಧಿಸಿತು. ಬೆದರಿಸಿದವರೂ ಆಡಳಿತದವರೂ ಒಂದೇ ಬಾಯಿ ಮುಚ್ಚಿಸಿದಂತಾಯಿತು. ಗ್ವಾದಲಹಾರ ಪ್ರಸಂಗದ ನಂತರ ಅಮೆರಿಕ ಆ ತಂಡದವರ ವೀಸಾ ಕಿತ್ತುಕೊಂಡಿತು. ಗಡಿ ದಾಟಿ ದಕ್ಷಿಣಕ್ಕೆ ಬರುವ ಬಂದೂಕುಗಳಿಗೆ ವೀಸಾ ಕೇಳುವವರಿಲ್ಲ.

ಅಧ್ಯಕ್ಷೆ ಕ್ಲೌದಿಯಾ ಶೇನ್‌ಬೌಮ್ ನಿಷೇಧ ಬೇಡವೆಂದು ಹೇಳಿ, 2025ರಲ್ಲಿ ‘ಮೆಹಿಕೊ ಕಾಂತಾ’ ಎಂಬ ಹಾಡಿನ ಸ್ಪರ್ಧೆಯೊಂದನ್ನು ಸರಕಾರದಿಂದ ಏರ್ಪಡಿಸಿದರು. ಹಿಂಸೆಯನ್ನು ವೈಭವೀಕರಿಸದ ಹೊಸ ಹಾಡುಗಳು ಬರಲಿ ಎಂಬುದು ಉದ್ದೇಶ. ನಿಷೇಧಕ್ಕಿಂತ ಇದು ನೂರು ಪಾಲು ಮೇಲು. ಆದರೂ ಇಲ್ಲೊಬ್ಬ ಹೊಸ ಯಜಮಾನ ಬಂದಿದ್ದಾನೆ, ಅವನ ಕೈಯಲ್ಲೂ ಥೈಲಿ ಇದೆ. 2014ರ ಸೆಪ್ಟೆಂಬರ್ 26ರ ರಾತ್ರಿ ಇಗ್ವಾಲಾ ಎಂಬಲ್ಲಿ ಪೊಲೀಸರು ಬಸ್ಸಿನಿಂದ ಇಳಿಸಿಕೊಂಡು ಹೋದ 43 ವಿದ್ಯಾರ್ಥಿಗಳ ಮೇಲೆ ಯಾರಾದರೊಬ್ಬ ಹುಡುಗ ಕೊರಿದೊ ಕಟ್ಟಿ, ಅಧಿಕಾರಿಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಆ ಸ್ಪರ್ಧೆಯ ವೇದಿಕೆ ಹತ್ತಿದರೆ ಅವನನ್ನು ಎಷ್ಟು ಪದ್ಯದವರೆಗೆ ಹಾಡಲು ಬಿಡುತ್ತಾರೆ?